ಊದದೆ ಬಿಟ್ಟ ಸ್ವರ

ಸೆಪ್ಟೆಂಬರ್ 19, ಶುಕ್ರವಾರ

ಬೆಳಿಗ್ಗೆ ಮೈದಾನದಲ್ಲಿ ಬ್ಯಾಂಡಿನ ಡ್ರಿಲ್, ಮಧ್ಯಾಹ್ನ ಚರ್ಚಿನಲ್ಲಿ ಸಾವಿಗೆ ಊದುವುದು. ನಮ್ಮ ಯೂನಿವರ್ಸಿಟಿ ಬ್ಯಾಂಡಿನ ಹಳಬರು ಒಬ್ಬೊಬ್ಬರೇ ಹೊರಟಿದ್ದಾರೆ. ಇವತ್ತು ಒಬ್ಬ ಮುದಿ ಡ್ರಮ್ಮರ್. ಎಂದಿನಂತೆ ಯೂನಿವರ್ಸಿಟಿ ಗೀತೆ ಊದಿದೆವು. ಎಂದಿನಂತೆ ಕೊನೆಯ ಸ್ವರ ಊದದೆ ಬಿಟ್ಟೆವು. ಅದು ಸತ್ತವರ ಪಾಲು, ಮೇಲೆ ಹೋಗಿ ಅವರೇ ಊದಿಕೊಳ್ಳುತ್ತಾರಂತೆ. ಈ ಪದ್ಧತಿ ಹಾಕಿದವರು ಪ್ರೊಫೆಸರ್ ಪೆಟ್‌ವೇ. ವಿಯೆಟ್ನಾಂ ಯುದ್ಧದಿಂದ ಅವರ ಬ್ಯಾಂಡಿನ ಟ್ಯೂಬಾ ಊದುವ ಹುಡುಗನ ಶವಪೆಟ್ಟಿಗೆ ಬಂದ ವರ್ಷ. ಆಗ ಅವರೇ ಬ್ಯಾಂಡಿನ ಡೈರೆಕ್ಟರ್. ಈಗ ಆಸ್ಪತ್ರೆಯ ಮಂಚ...

ಚರ್ಚಿನವರು ಕೊಟ್ಟ ಹುರಿದ ಮೀನು ಚೆನ್ನಾಗಿತ್ತು. ನಾಚಿಕೆ ಬಿಟ್ಟು ಎರಡು ಸಲ ಹಾಕಿಸಿಕೊಂಡೆ.

ಸೆಪ್ಟೆಂಬರ್ 28, ಭಾನುವಾರ

ಪ್ರೊಫೆಸರನ್ನು ನೋಡಲು ಹೋಗಿದ್ದೆ. ಚಿಕ್ಕವಳಿದ್ದಾಗ ನನ್ನ ಕೈಗೆ ಟ್ರಂಪೆಟ್ ಕೊಟ್ಟವರು. ಈಗ ಹಾಸಿಗೆಗೆ ಅಂಟಿಕೊಂಡಿದ್ದಾರೆ.

"ಒಡೆಸ್ಸಾ, ನಮ್ಮ ಹಾಡು ಊದೇ. ಮೆತ್ತಗೆ ಊದು, ನರ್ಸ್ ರಾಕ್ಷಸಿ."

ಟ್ರಂಪೆಟ್ ಬಾಯಿಗೆ ಕಾಲುಚೀಲ ತುರುಕಿ ಊದಿದೆ. ಚೆನ್ನಾಗಿಯೇ ಊದಿದೆ. ಆಮೇಲೆ... ಕೈ ತಾನಾಗಿಯೇ ಕೆಳಗಿಳಿಯಿತು. ಕೊನೆಯ ಸ್ವರ ಬಿಟ್ಟುಬಿಟ್ಟೆ. ಬದುಕಿರುವ ಮನುಷ್ಯನ ಮುಂದೆ!

ಅವರ ಮಗಳು ಮಿಸ್ ವರ್ಲೀನ್ ಬಾಯಿಗೆ ಕೈ ಅಡ್ಡ ಹಿಡಿದರು. ಪ್ರೊಫೆಸರ್ ಸ್ವಲ್ಪ ಹೊತ್ತು ಕಾದರು.

"ಯಾಕಮ್ಮಾ ನಿಲ್ಸಿದೆ? ನಾನಿನ್ನೂ ಹೋಗಿಲ್ವಲ್ಲೇ."

ನಕ್ಕರು. ನಗು ಕೆಮ್ಮಾಯಿತು. ನರ್ಸ್ ಬಂದು ನನ್ನನ್ನು ಹೊರಗೆ ಅಟ್ಟಿದಳು.

ಸೆಪ್ಟೆಂಬರ್ 29

ಈಗಿನ ಡೈರೆಕ್ಟರ್ ಗೇನ್ಸ್ ಹತ್ತಿರ ಹೇಳಿಕೊಂಡೆ. "ನಿಂದೇನೂ ತಪ್ಪಿಲ್ಲ ಬಿಡು. ಈ ವರ್ಷ ಫುಟ್‌ಬಾಲ್ ಆಟಕ್ಕಿಂತ ಸಾವಿಗೇ ಜಾಸ್ತಿ ಊದಿದೀವಿ" ಅಂದರು. ಸಮಾಧಾನ ಆಗಲಿಲ್ಲ. ಜೀವ ಇರುವಾಗಲೇ ಪ್ರೊಫೆಸರನ್ನು ಕಳಿಸಿಕೊಟ್ಟೆನಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಅವರು ಇರುವಾಗಲೇ ಆ ಸ್ವರ ಊದಿಬಿಡಬೇಕು. ಬೇರೇನೂ ಬೇಡ.

ಅಕ್ಟೋಬರ್ 5, ಭಾನುವಾರ

ಮತ್ತೆ ಹೋದೆ. "ನಿಮ್ಮ ಸ್ವರ ತಂದಿದೀನಿ, ಸರ್" ಅಂದೆ. ಟ್ರಂಪೆಟ್ ಎತ್ತಿದೆ.

"ಒಂಟಿ ಸ್ವರ ಇಟ್ಕೊಂಡು ನಾನೇನು ಮಾಡ್ಲೇ? ಹೋಮ್‌ಕಮಿಂಗ್‌ಗೆ ಮೈದಾನಕ್ಕೇ ಬರ್ತೀನಿ. ಹಳಬರು ಹೊಸಬರು ಎಲ್ಲ ಸೇರಿ ಊದಿ. ಆವಾಗ ಕೇಳ್ತೀನಿ."

"ನಿಜವಾಗ್ಲೂ ಬರ್ತೀರಾ?"

"ಬರ್ದೆ ಏನು? ನಿಮ್ಮ ಎರಡನೇ ಸಾಲು ಸೊಟ್ಟಗೆ ನಡೆಯುತ್ತಂತೆ. ಬಯ್ಯೋಕೆ ಯಾರಾದ್ರೂ ಬೇಡ್ವಾ?"

ಹದಿನೆಂಟಕ್ಕೆ ಹೋಮ್‌ಕಮಿಂಗ್, ಹಳೇ ವಿದ್ಯಾರ್ಥಿಗಳೆಲ್ಲ ಮರಳಿ ಬಂದು ಆಟ ನೋಡುವ ದಿನ. ಟ್ರಂಪೆಟ್ ಇಳಿಸಿದೆ. ಹೇಳಿದ ಮಾತು ಕೇಳಿದೆ — ಚಿಕ್ಕಂದಿನಿಂದ ಅದೇ ಅಭ್ಯಾಸ.

ಅಕ್ಟೋಬರ್ 13

ಪ್ರೊಫೆಸರ್ ಹೋದರು. ಬೆಳಗಿನ ಜಾವ.

ಡ್ರಿಲ್‌ಗೆ ಹೋದೆ. ಎರಡನೇ ಸಾಲು ನೆಟ್ಟಗಿತ್ತು.

ಅಕ್ಟೋಬರ್ 17

ನಾಳೆ ಬೆಳಿಗ್ಗೆ ಮಣ್ಣು, ಮಧ್ಯಾಹ್ನ ಹೋಮ್‌ಕಮಿಂಗ್ ಆಟ. ಗೇನ್ಸ್ ಮುಂದೆ ನಿಂತು ಕೇಳಿದೆ: ನಾಳೆ ಒಂದು ದಿನ ಹಾಡು ಪೂರ್ತಿ ಊದೋಣ.

"ಅವರೇ ಹಾಕಿದ ಪದ್ಧತಿ ಕಣಮ್ಮ. ಅವರ ಪೆಟ್ಟಿಗೆ ಮುಂದೇನೇ ಮುರೀಬೇಕಾ? ಆಗಲ್ಲ."

ಅವರು ಹೇಳಿದ್ದು ಸರಿ. ಅದಕ್ಕೇ ಇನ್ನೂ ಸಿಟ್ಟು. ಸತ್ತವರು ಮೇಲೆ ಹೋಗಿ ಊದುತ್ತಾರೆ ಅಂತ ನನಗೆ ಇವತ್ತು ನಂಬಿಕೆ ಬರುತ್ತಿಲ್ಲ. ಪ್ರೊಫೆಸರ್ ಕಾದರು, ನಾನು ಊದಲಿಲ್ಲ. ನನಗೆ ಗೊತ್ತಿರುವುದು ಅಷ್ಟೇ.

ಅಕ್ಟೋಬರ್ 18, ಶನಿವಾರ

ಚರ್ಚು ತುಂಬಿತ್ತು. ಹಳಬರು ಬಿಗಿಯಾದ ಹಳೇ ಕೋಟುಗಳಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಹಾಡು ಶುರುವಾಯಿತು. ಇಷ್ಟು ಚೆನ್ನಾಗಿ ನಾವು ಯಾವತ್ತೂ ಊದಿಲ್ಲ. ಕೊನೆಗೆ ಬಂದೆವು. ಗೇನ್ಸ್ ಕೈ ಇಳಿಸಿದರು. ಎಲ್ಲರ ವಾದ್ಯಗಳೂ ಒಟ್ಟಿಗೆ ಕೆಳಗಿಳಿದವು.

ನನ್ನದು ಇಳಿಯಲಿಲ್ಲ.

ಮಿಸ್ ವರ್ಲೀನ್ ತಿರುಗಿ ನೋಡಿದರು. ಈ ಸಲ ಬಾಯಿಗೆ ಕೈ ಅಡ್ಡ ಇರಲಿಲ್ಲ. ಕಾಯುತ್ತಿದ್ದರು, ಆವತ್ತು ಅವರಪ್ಪ ಕಾದ ಹಾಗೇ. ಗೇನ್ಸ್ ನನ್ನನ್ನೇ ನೋಡುತ್ತ ತಲೆ ಅಡ್ಡಡ್ಡ ಆಡಿಸಿದರು. ನಾನು ಉಸಿರೆಳೆದುಕೊಂಡು ಆ ಸ್ವರ ಊದಿಬಿಟ್ಟೆ.