ಫ್ರಿಜ್ಜಿಗೂ ನೆಟ್ಟಿಗೂ ಒಂದೇ ಬ್ಯಾಟರಿ

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ರೀ,

ನಿಮ್ಮ ಸೊಂಟನೋವು ಹೇಗಿದೆ? ಸೇತುವೆಯ ಕೆಲಸಕ್ಕೆ ಮೇಲೆ ಹತ್ತುವಾಗ ಬೆಲ್ಟು ಬಿಗಿದುಕೊಳ್ಳುತ್ತೀರಿ ತಾನೇ? ಇಲ್ಲಿ ಗಾಳಿ ಜೋರಾದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತದೆ. ನಗಬೇಡಿ. ನನ್ನ ಓದು ಐದನೇ ಕ್ಲಾಸಿಗೇ ಮುಗಿದದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇರುವುದೊಂದು ಫೋನು, ಅದೂ ನಿಮ್ಮಮ್ಮನ ಮಡಿಲಲ್ಲಿ. ಅದಕ್ಕೇ ಈ ಕಾಗದ.

ನೀವು ಕಳಿಸಿದ ಇಂಟರ್ನೆಟ್ಟಿನವನು ಬಂದಿದ್ದ. ಮೊದಲು ಕೊಟ್ಟಿಗೆಯ ಮೇಲೆ ಡಿಶ್ ಕೂರಿಸಿದ, ಮರ ಅಡ್ಡ ಬಂತು. ಆಮೇಲೆ ನೀರಿನ ಟ್ಯಾಂಕಿನ ಕಂಬಕ್ಕೆ ಬಿಗಿದ. ಕರೆಂಟಿನ ತಂತಿಯೇ ಬಾರದ ಮನೆಗೆ ಇದು ಬೇರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅತ್ತೆ ಆಡಿಕೊಂಡರು. ಈಗ ನೋಡಿ, ಮಧ್ಯಾಹ್ನದಿಂದಲೇ ತಲೆ ಬಾಚಿಕೊಂಡು ನಿಮ್ಮ ಸಂಜೆಯ ವಿಡಿಯೊ ಫೋನಿಗೆ ಕಾದು ಕೂರುತ್ತಾರೆ! ಅವನು ಹೋಗುವಾಗ “ಇದು ಬ್ಯಾಟರಿ ತಿನ್ನುತ್ತೆ ಅಕ್ಕಾ, ನೋಡ್ಕೊಳ್ಳಿ” ಅಂದ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಸೂರ್ಯ ಮುಳುಗಿದರೆ ಸೋಲಾರ್ ಪ್ಯಾನೆಲ್ಲು ಸುಮ್ಮನಾಗುತ್ತಿತ್ತು, ಬ್ಯಾಟರಿ ಇಳಿಯುತ್ತಿತ್ತು, ಫೋನಿನಲ್ಲಿ ನೀವು ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದಿರಿ. ಈಚೆಗೆ ಹಾಗಾಗುತ್ತಿಲ್ಲ. ನೀವೂ “ಪರವಾಗಿಲ್ವೇ, ಸರಿ ಮಾಡಿದ್ದೀಯ” ಅಂದಿರಿ. ನಾನೇನೂ ಮಾಡಲಿಲ್ಲ ರೀ. ತಾನೇ ಸರಿಹೋದದ್ದೆಂದರೆ ನನಗೆ ಇನ್ನೂ ಭಯ.

ಅದಕ್ಕಿಂತ ದೊಡ್ಡ ಭಯ ಅತ್ತೆಯ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಚುಚ್ಚುತ್ತೇನೆ, ಸಿಹಿ ಮುಟ್ಟಿಸುವುದಿಲ್ಲ. ಆದರೂ ಬೆರಳು ಚುಚ್ಚಿ ನೋಡಿದಾಗಲೆಲ್ಲ ಏರಿರುತ್ತದೆ. ಬಾಯಿ ಒಣಗುತ್ತದೆ, ಕಾಲು ಉರಿ ಅನ್ನುತ್ತಾರೆ. ನರ್ಸಮ್ಮ “ಮದ್ದು ತಣ್ಣಗಿಟ್ಟಿದ್ದೀಯೇನಮ್ಮಾ? ಬಿಸಿಯಾದ್ರೆ ಅದು ನೀರಿಗೆ ಸಮ” ಅಂದರು. ಫ್ರಿಜ್ಜಿನಲ್ಲೇ ಇದೆ. ಆದರೆ ಹಾಲೂ ಒಡೆಯುತ್ತಿದೆ. ಒಳಗಿನ ದೀಪ ಎಂದೋ ಕೆಟ್ಟಿರುವ ಹಳೇ ಫ್ರಿಜ್ಜು ಕೈಕೊಟ್ಟಿತೋ, ನಾನೇ ಬಾಗಿಲು ಸರಿಯಾಗಿ ಹಾಕಲಿಲ್ಲವೋ, ಯಾರನ್ನು ಕೇಳಲಿ? ರಿಪೇರಿಯವನನ್ನು ಕರೆಸಲೇ, ಬೇಗ ತಿಳಿಸಿ.

ಅತ್ತೆ “ಅವನ ತಲೆ ನೇವರಿಸಿದೀನಿ ಅಂತ ಬರೆ” ಅಂದರು, ಬರೆದಿದ್ದೇನೆ. ಹೊಟ್ಟೆ ತುಂಬ ಉಣ್ಣಿ.

ನಿಮ್ಮ ಪುಕ್ಕಲಿ

ತಾ.ಕ.: ಕಾಗದ ಅಂಟಿಸಲು ಗೋಂದು ತರೋಣವೆಂದು ಅಡುಗೆಮನೆಗೆ ಹೋದರೆ ಅತ್ತೆ ಫ್ರಿಜ್ಜಿನ ಪ್ಲಗ್ಗು ಕೀಳುತ್ತಿದ್ದರು! ದಿನಾ ಮಧ್ಯಾಹ್ನ ಕಿತ್ತು, ಬೆಳಗ್ಗೆ ನಾನೇಳುವ ಮೊದಲು ಸಿಕ್ಕಿಸುತ್ತಿದ್ದರಂತೆ. “ಬ್ಯಾಟರಿಗೆ ಒಂದು ಹಾಕಿದ್ರೆ ಇನ್ನೊಂದು ಆರಿಸ್ಬೇಕು ಅಂತ ನನ್ನ ಮಗನೇ ಹೇಳಿ ಹೋಗಿದಾನೆ” ಎಂದು ನನಗೇ ದಬಾಯಿಸಿದರು. ಮದ್ದು ಕೆಡುತ್ತದೆ ಎಂದೆ. “ಕೆಡ್ಲಿ ಬಿಡೇ, ಅವನ ಮುಖ ಅರ್ಧಕ್ಕೆ ನಿಂತ್ರೆ ನನಗೆ ತಡೆಯೋಕಾಗಲ್ಲ” ಅಂದರು. ಈ ಕಾಗದ ಹಾಕಲು, ಹೊಸ ಮದ್ದು ತರಲು ಹಾಲಿನ ವ್ಯಾನಿನವನಿಗೆ ಹೇಳುತ್ತೇನೆ, ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಈ ಕಾಗದ ನಿಮಗೆ ಸೇರುವವರೆಗೂ ಫ್ರಿಜ್ಜಿನ ಮುಂದೆಯೇ ಚಾಪೆ ಹಾಕಿಕೊಳ್ಳುತ್ತೇನೆ. ಇನ್ನು ಸಂಜೆ ಫೋನು ಮಾಡಲೇಬೇಡಿ. ಊಟದ ಬಿಡುವಿನಲ್ಲಿ, ಬಿಸಿಲಿರುವಾಗ ಮಾಡಿ, ಎರಡೇ ಮಾತಾದರೂ ಸಾಕು. ಬ್ಯಾಟರಿ ಮಾತು ಎತ್ತಬೇಡಿ, ಸಂಜೆ ಕೆಲಸ ಬಿತ್ತು ಅನ್ನಿ. ನನ್ನ ನಿಜ ಅವರು ಕೇಳುವುದಿಲ್ಲ, ನಿಮ್ಮ ಸುಳ್ಳನ್ನಾದರೂ ನಂಬುತ್ತಾರೆ.