ತಿಥಿ ಭವನದ ಕಾಗೆ

ಕೆಂಗೇರಿ
೯ ಜುಲೈ ೨೦೨೪, ಮಂಗಳವಾರ

ಪ್ರೀತಿಯ ಕಲಕ್ಕ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಕ್ಷೇಮ. ಅಂದರೆ ಅಪ್ಪ ಹೋದ ಮನೆಯಲ್ಲಿ ಎಷ್ಟು ಕ್ಷೇಮವಾಗಿರಬಹುದೋ ಅಷ್ಟು. ತಿಂಗಳ ತಿಥಿ ಮುಗಿಯುವವರೆಗೂ ಅಮ್ಮನ ಜೊತೆಗಿರೋಣ ಅಂತ ಅತ್ತಿಗುಪ್ಪೆಯ ಮನೆಗೆ ಬೀಗ ಹಾಕಿ ಇಲ್ಲೇ ಉಳಿದಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಯಶು ಅಣ್ಣನ ಕಿವಿಗೆ ಬೀಳುತ್ತದೆ. ವಾಟ್ಸ್ಯಾಪಿನಲ್ಲಿ ಬರೆದರೆ ನಿನ್ನ ಫೋನು ಸದಾ ನಿನ್ನ ಮಗಳ ಕೈಯಲ್ಲಿರುತ್ತದೆ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಪೆನ್ನು ಹಿಡಿದಿದ್ದೇನೆ, ಅಕ್ಷರ ಕೆಟ್ಟದಾಗಿದೆ ಅಂತ ಬೈಯಬೇಡ.

ಮೊನ್ನೆ ಕೇಳಿದೆಯಲ್ಲ, ಆಣೆ ಮಾಡಿ ಹೇಳು ಚೈತ್ರ, ನಿಜವಾಗಲೂ ನನ್ನ ಹೆಸರು ಹೇಳಿದ ಮೇಲೇ ಕಾಗೆ ಬಂತಾ ಅಂತ. ನಾನು ಹೌದು ಅಂದೆ. ನೀನು ಅತ್ತ ಅಳು ಕೇಳಲಾರದೆ ವೀರೇಶ ಭಾವ ಫೋನು ತೆಗೆದುಕೊಂಡರು. ನಾನು ಹೇಳಿದ್ದು ಸುಳ್ಳಲ್ಲ ಅಕ್ಕ. ಆದರೆ ಪೂರ್ತಿ ಹೇಳಲಿಲ್ಲ. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅಪ್ಪನ ಹನ್ನೊಂದನೇ ದಿನದ ತಿಥಿ ನಡೆದದ್ದು ಉಪನಗರದ ತಿಥಿ ಭವನದಲ್ಲಿ, ನಾನೇ ನಕ್ಷೆ ಹಾಕಿ ಕಟ್ಟಿಸಿದ ಭವನದಲ್ಲಿ. ನೀನು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೀಯ. ಅಪಾರ್ಟ್‌ಮೆಂಟುಗಳಲ್ಲಿ ತಿಥಿ ಮಾಡಲು ಬಿಡುವುದಿಲ್ಲ, ಮದುವೆ ಛತ್ರದವರು ತಿಥಿ ಅಂದ ಕೂಡಲೇ ಫೋನು ಇಡುತ್ತಾರೆ. ಅದಕ್ಕೇ ಹಳೇ ಊರಿನವರೆಲ್ಲ ಸಂಘ ಕಟ್ಟಿಕೊಂಡು ಜಾಗ ಹುಡುಕಿದರು. ಆ ಜಾಗದ ನಡುಮಧ್ಯೆ ಒಂದು ದೊಡ್ಡ ಅತ್ತಿಮರವಿತ್ತು. ಕಡಿದು ಹಾಕಿ ಹಾಲ್ ಕಟ್ಟಿ ಅಂತ ಎಲ್ಲರೂ ಹೇಳಿದರು. ನಾನು ಹಟ ಹಿಡಿದೆ. ಸತ್ತವರನ್ನು ನೆನೆಯುವ ಹೊತ್ತಿನಲ್ಲಿ ಜನ ಟ್ಯೂಬ್‌ಲೈಟಿನ ಕೆಳಗೆ ಗೋಡೆ ನೋಡಿಕೊಂಡು ಯಾಕೆ ಕೂರಬೇಕು? ಮರ ಕಾಣಲಿ, ಗಾಳಿ ಬರಲಿ, ಮಳೆ ಬಂದರೆ ಅಂಗಳದಲ್ಲೇ ಬೀಳಲಿ. ಮರದ ಬುಡದಲ್ಲಿ ಎಡೆ ಇಡಲು ಒಂದು ಕಲ್ಲಿನ ಜಗಲಿ, ಸುತ್ತ ಊಟಕ್ಕೆ ಹೆಂಚಿನ ಪಡಸಾಲೆ, ನಡುವೆ ಆಕಾಶ. ನನ್ನ ನಕ್ಷೆ ಇಷ್ಟೇ.

ಅಪ್ಪ ಸಂಘದಲ್ಲಿದ್ದರಲ್ಲ, ನಕ್ಷೆಯನ್ನು ಮೊದಲು ಅವರ ಮುಂದೆ ಹರಡಿದೆ. ಗಾಳಿ, ಬೆಳಕು, ನೀರಿಂಗುವ ಗುಂಡಿ ಅಂತ ನಾನು ಒಂದೇ ಸಮ ಕೊರೆದೆ. ಎಲ್ಲ ಕೇಳಿಸಿಕೊಂಡು ಬೀಡಿ ಆರಿಸಿ ಒಂದೇ ಮಾತು ಕೇಳಿದರು: "ಕಾಗೆ ಬರ್ತಾವಾ?" ಅತ್ತಿಹಣ್ಣು ಇರೋ ಮರಕ್ಕೆ ಬರದೇ ಇರ್ತಾವಾ ಅಪ್ಪ ಅಂದೆ. ಹಾಗಾದ್ರೆ ಸರಿ ಅಂದು ಎದ್ದುಹೋದರು.

ತಿಥಿಯ ದಿನ ಬೆಳಿಗ್ಗೆ ಒಳಗೆ ಕಾಲಿಟ್ಟವಳು ತಲೆಯೆತ್ತಿ ನೋಡಿ ಅಲ್ಲೇ ನಿಂತುಬಿಟ್ಟೆ. ಅಂಗಳದ ಮೇಲೆ, ಈ ಪಡಸಾಲೆಯ ಸೂರಿನಿಂದ ಆ ಪಡಸಾಲೆಯ ಸೂರಿನವರೆಗೆ, ಹಸಿರು ಬಲೆ ಬಿಗಿದಿದ್ದರು. ಬಾಲ್ಕನಿಗೆ ಪಾರಿವಾಳ ಬಾರದ ಹಾಗೆ ಕಟ್ಟಿಸುತ್ತಾರಲ್ಲ, ಅದೇ ಬಲೆ. ಮರದ ಕಾಂಡ ಬಲೆಯ ಕೆಳಗೆ, ಕೊಂಬೆ ಹಣ್ಣು ಎಲ್ಲ ಬಲೆಯ ಮೇಲೆ. ಉದುರಿದ ಎಲೆಯೆಲ್ಲ ಬಲೆಯ ಮೇಲೆ ರಾಶಿ ಬಿದ್ದು ಅಂಗಳ ಮಬ್ಬಾಗಿತ್ತು. ಕಟ್ಟಡ ಒಪ್ಪಿಸಿ ಎರಡು ವರ್ಷವೂ ಆಗಿಲ್ಲ, ಒಂದು ಮಾತು ನನ್ನನ್ನು ಕೇಳಲಿಲ್ಲ. ಆದರೆ ಅವತ್ತು ಅಪ್ಪನ ಕಾರ್ಯ. ಜಗಳ ಮಾಡುವ ದಿನವೇ ಅದು? ಹಲ್ಲು ಕಚ್ಚಿಕೊಂಡು ಎಡೆಗೆ ಎಲೆ ಹಾಸಿದೆ.

ಮುದ್ದೆ, ಹುರುಳಿ ಬಸ್ಸಾರು, ಒಬ್ಬಟ್ಟು, ಉದ್ದಿನವಡೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಎಲ್ಲ ಇಟ್ಟು ಕೈಮುಗಿದು ಹಿಂದೆ ಸರಿದು ನಿಂತೆವು. ಕಾಗೆ ಬರಲಿಲ್ಲ. ಯಶು ಅಣ್ಣ ಕೂಗಿ ಕರೆದ. ಬರಲಿಲ್ಲ. ಬೀಡಿ ಹಚ್ಚಿಟ್ಟರು, ಬರಲಿಲ್ಲ. ಮೇಲೆ ಕೊಂಬೆಯಲ್ಲಿ ಕಾಗೆಗಳು ಕೂಗುತ್ತಲೇ ಇದ್ದವು, ಅದು ಇನ್ನೂ ಸಂಕಟ. ನೆಂಟರಲ್ಲಿ ಗುಸುಗುಸು ಶುರುವಾಯಿತು. ಬೈರಪ್ಪನಿಗೆ ಏನೋ ಕೊರಗು ಉಳಿದಿದೆ, ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗಿದ್ದಾನೆ ಅಂತ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೇ ಹೇಳಿದರು. ಬಲೆ ಇರುವುದನ್ನು ಒಬ್ಬರೂ ನೋಡಲಿಲ್ಲವಾ ಅಂತ ನೀನು ಕೇಳುತ್ತೀಯ. ನೋಡಿದ್ದ ನಾನೇ ಅದನ್ನು ಮರೆತು ಅಪ್ಪನ ಕೊರಗೇನು ಅಂತ ಯೋಚಿಸುತ್ತ ನಿಂತಿದ್ದೆ.

ಆಗ ಅಮ್ಮ ಮುಂದೆ ಬಂದಳು. ಸೆರಗು ಒಡ್ಡಿ, ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು. "ನೋಡಿ, ನಿಮ್ ಹಿರೀಮಗಳ ಚಿಂತೆ ತಾನೆ? ಕಲಾನ ಮನೆಗೆ ಕರೀತೀವಿ. ಅವಳ ಗಂಡನ್ನೂ ಮಗೂನೂ ಕರೀತೀವಿ. ಇನ್ನು ಅವಳಿಗೆ ಈ ಮನೆ ಬಾಗ್ಲು ಮುಚ್ಚಲ್ಲ." ನೀನು ಭಾವನನ್ನು ಮದುವೆಯಾಗಿ ರಾಣೆಬೆನ್ನೂರಿಗೆ ಹೋದಂದಿನಿಂದ ಆ ಅಂಗಳದಲ್ಲಿದ್ದ ಯಾರೂ ಅಪ್ಪನ ಎದುರು ನಿನ್ನ ಹೆಸರು ಎತ್ತಿದವರಲ್ಲ. ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ತಿರುಗಿ, "ಯಶು, ನೀನೂ ಹೇಳು" ಅಂದಳು. ಅಪ್ಪನನ್ನು ಮಣ್ಣು ಮಾಡುವ ದಿನ, ಅಪ್ಪನ ಮಾತು ಅಪ್ಪನ ಮಾತೇ, ಅಕ್ಕ ಬರೋದು ಬೇಡ ಅಂತ ನಿನ್ನನ್ನು ತಡೆದವನಲ್ಲವೇ ಅವನು? ಮುಖ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತ ನಿಂತ. ನೆಂಟರೆಲ್ಲ ಅವನನ್ನೇ ನೋಡುತ್ತಿದ್ದರು. ಕೊನೆಗೆ, "ಅಕ್ಕನ್ನ ನಾನೇ ಹೋಗಿ ಕರ್ಕೊಂಡ್ ಬರ್ತೀನಪ್ಪ" ಅಂದ.

ಅವನ ಮಾತು ಮುಗಿಯಿತೋ ಇಲ್ಲವೋ, ಜಗಲಿಯ ಹಿಂದಿನಿಂದ ಕಾಗೆ ಬಂತು. ನೇರವಾಗಿ ವಡೆಗೆ ಬಾಯಿ ಹಾಕಿತು. ಯಶು ಅಣ್ಣ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ. ನಾನೂ ಅತ್ತೆ. ಇದನ್ನೆಲ್ಲ ಅಮ್ಮ ಅವತ್ತೇ ನಿನಗೆ ಹೇಳಿದ್ದಾಳೆ.

ಅವಳು ಹೇಳದೇ ಇದ್ದದ್ದು ಇನ್ನು ಮುಂದಿನದು. ಅವಳಿಗೆ ಗೊತ್ತಿಲ್ಲ ಅಂದುಕೊಂಡೇ ಬರೆಯುತ್ತಿದ್ದೇನೆ.

ಪಂಕ್ತಿ ಊಟ ನಡೆಯುವಾಗ ನೀರಿಂಗುವ ಗುಂಡಿ ಹೂಳು ತುಂಬಿದೆಯೋ ಏನೋ ನೋಡೋಣ ಅಂತ ಹಿತ್ತಲಿಗೆ ಹೋದೆ. ಗಿಡಗಳ ಸಾಮಾನಿಗೆಂದು ನಾನು ಅಲ್ಲೊಂದು ಚಿಕ್ಕ ಕೋಣೆ ಮಾಡಿಸಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದು ಪಂಜರ. ಪಂಜರದಲ್ಲಿ ಕಾಗೆ. ಕಾಗೆಯ ಕಾಲ ಕೆಳಗೆ ಅಪ್ಪನ ಎಡೆಯ ವಡೆ.

ಒಂದು ಕಡೆಯ ರೆಕ್ಕೆಯ ಗರಿ ಕತ್ತರಿಸಿದ್ದರು ಅಕ್ಕ. ಆಗ ನೆನಪಾಯಿತು, ಅದು ಹಾರಿ ಬಂದಿರಲಿಲ್ಲ, ಕುಪ್ಪಳಿಸಿಕೊಂಡು ಬಂದಿತ್ತು.

ಭವನ ನೋಡಿಕೊಳ್ಳುವ ಮುತ್ತುರಾಜ ಹಿಂದೆಯೇ ಓಡಿಬಂದ. ಅವನ ಮುಖ ನನಗಿಂತ ಬಿಳುಚಿತ್ತು. ಭವನ ಶುರುವಾದಾಗ ಎಲ್ಲ ಚೆನ್ನಾಗಿಯೇ ಇತ್ತಂತೆ, ಎಡೆ ಇಟ್ಟ ಕೂಡಲೇ ಕಾಗೆ ಇಳಿಯುತ್ತಿದ್ದವಂತೆ. ಆಮೇಲೆ ಅವು ಪಡಸಾಲೆಗೂ ನುಗ್ಗಿ ಊಟದ ಎಲೆಯಿಂದ ವಡೆ ಎತ್ತಿಕೊಂಡು ಹೋಗತೊಡಗಿದವು. ಯಾರದೋ ಮನೆಯ ಅಳಿಯನ ರೇಷ್ಮೆ ಶರ್ಟಿನ ಮೇಲೆ ಹಿಕ್ಕೆ ಬಿತ್ತು. ದೊಡ್ಡ ರಂಪವಾಗಿ ಸಂಘದವರು ಬಲೆ ಹಾಕಿಸಿದರು. ಬಲೆ ಹಾಕಿಸಿದ ಮೇಲೆ ಎಡೆಗೂ ಕಾಗೆ ಇಲ್ಲ. ಜನ ಊಟ ಮಾಡದೆ ಕಾಯುವುದು, ಅಳುವುದು, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದು. ಅದಕ್ಕೆ ಸಂಘದವರೇ ಒಂದು ಕಾಗೆ ತರಿಸಿ ಸಾಕು ಅಂದರಂತೆ. ಜನ ಕಾದು ಕಾದು ಅಳುವ ಹಂತಕ್ಕೆ ಬಂದ ಮೇಲೆ ಇವನು ಹಿತ್ತಲಿಗೆ ಹೋಗಿ ಪಂಜರದ ಬಾಗಿಲು ತೆಗೆಯುತ್ತಾನೆ.

ಬಲೆ ಬಿಚ್ಚಿದ್ರೆ ಮುಗೀತಿತ್ತಲ್ಲೋ ಅಂದೆ. ಅವನು, "ನಂಗೂ ಹಂಗೇ ಅನ್ಸುತ್ತೆ ಮೇಡಂ. ಆದ್ರೆ ಊಟಕ್ಕೆ ಕೂತೋರಿಗೆ ಕಾಗೆ ಬೇಡ, ಎಡೆ ಇಟ್ಟೋರಿಗೆ ಬೇಕು. ಇಬ್ರೂ ಒಂದೇ ಮನೆಯೋರು" ಅಂದ. ಆ ಕಾಗೆಗೆ ಅವನು ತಾತ ಅಂತ ಹೆಸರಿಟ್ಟಿದ್ದಾನೆ. ಎಲ್ಲರ ಮನೆಯ ತಾತನೂ ಅದೇ ತಾನೆ ಅಂದ. ತಮಾಷೆಗೆ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ. ನಾನು ಬಂದು ಪಂಕ್ತಿಯಲ್ಲಿ ಕೂತೆ.

ಜನ ಮರದ ಹತ್ತಿರ ಬರಲಿ ಅಂತ ನಾನು ಕಟ್ಟಿದ ಮನೆಯಲ್ಲಿ ಹಕ್ಕಿಯನ್ನು ಪಂಜರದಲ್ಲಿಟ್ಟು ಸಾಕುತ್ತಿದ್ದಾರೆ. ಈ ಸಾಲು ಬರೆಯುವಾಗಲೂ ನನಗೆ ನಂಬಿಕೆ ಬರುತ್ತಿಲ್ಲ. ಸರಿಮಾಡುವುದೇನೂ ಕಷ್ಟವಲ್ಲ. ಊಟದ ಪಡಸಾಲೆಗೆ ಬಿದಿರಿನ ತಟ್ಟಿ ಇಳಿಬಿಟ್ಟರೆ ಸಾಕು, ವಡೆ ಎಲೆಯಲ್ಲೇ ಉಳಿಯುತ್ತದೆ, ಅಂಗಳ ತೆರೆದೇ ಇರುತ್ತದೆ. ಪರದೆ ಊಟಕ್ಕೆ ಬೇಕು, ಮರಕ್ಕಲ್ಲ. ಭಾನುವಾರ ಸಂಘದ ಸಭೆಯಿದೆ, ಹೋಗಿ ಹೇಳಬೇಕು ಅಂತಿದ್ದೇನೆ.

ಆದರೆ ಹೇಳಿದರೆ ಪಂಜರದ ಮಾತು ಬರದೇ ಇರುತ್ತದಾ? ಬಂದರೆ ಯಶು ಅಣ್ಣನಿಗೆ ಗೊತ್ತಾಗದೇ ಇರುತ್ತದಾ? ಅವನು ನಿಜವಾಗಿಯೂ ಬದಲಾಗಿದ್ದಾನೆ ಅಕ್ಕ. ನಿನ್ನನ್ನು ಕರೆತರಲು ಕಾರು ಸರ್ವೀಸಿಗೆ ಬಿಟ್ಟಿದ್ದಾನೆ. ನಿನ್ನ ಮಗಳಿಗೆ ಮಾಳಿಗೆಯ ಕೋಣೆ ಇರಲಿ ಅಂತ ಸುಣ್ಣ ಹೊಡೆಸಿದ್ದಾನೆ. ಅಪ್ಪನೇ ಬಂದು ಹೇಳಿದರು ಅಂತ ನಂಬಿ ಇದನ್ನೆಲ್ಲ ಮಾಡುತ್ತಿದ್ದಾನೆ. ಅದು ಸಾಕಿದ ಕಾಗೆ ಅಂತ ತಿಳಿದು ಮತ್ತೆ ಮುಖ ತಿರುಗಿಸಿದರೆ? ನಿನ್ನ ಮುಖದ ಮೇಲೆ ಇನ್ನೊಂದು ಸಲ ಬಾಗಿಲು ಹಾಕುವುದನ್ನು ನಾನು ನೋಡಲಾರೆ. ಸುಮ್ಮನಿದ್ದರೆ ಆ ಬಲೆಯ ಕೆಳಗೆ ಇನ್ನೆಷ್ಟು ಮನೆಯವರು ನಿಂತು ತಮ್ಮವರ ಕೊರಗು ಹುಡುಕಬೇಕೋ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ನಿನ್ನದು. ಅಪ್ಪ ಕ್ಷಮಿಸಿದರು ಅಂತ ನೀನು ಅತ್ತೆಯಲ್ಲ, ಆ ಅಳುವಿಗೆ ನಾನು ಸಾಕ್ಷಿ ಹೇಳಿದ್ದೇನೆ. ಅಪ್ಪ ಕ್ಷಮಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ ಅಕ್ಕ. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಹಾವೇರಿ ಕಡೆಯ ನರ್ಸ್ ಒಬ್ಬಳು ಇದ್ದಳು. ಅವಳ ಮಾತು ಕೇಳಿದಾಗಲೆಲ್ಲ, ನಿಮ್ಮೂರಿಗೆ ರಾಣೆಬೆನ್ನೂರು ಎಷ್ಟು ದೂರಾನಮ್ಮ ಅಂತ ಕೇಳುತ್ತಿದ್ದರು. ಹೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ನನ್ನ ಹತ್ತಿರ ಇರುವ ನಿಜ ಅಷ್ಟೇ. ಅದಕ್ಕೆ ಏನು ಅರ್ಥವೋ ನೀನೇ ಹೇಳಿಕೋ.

ಇದೆಲ್ಲ ತಿಳಿದ ಮೇಲೂ ನೀನು ಬರುತ್ತೀಯಾ? ಬಂದು ತಿಂಗಳ ತಿಥಿಗೆ ನಿನ್ನ ಕೈಯಾರೆ ಅಪ್ಪನಿಗೆ ಎಡೆ ಇಡುತ್ತೀಯಾ? ಭಾನುವಾರದೊಳಗೆ ಫೋನು ಮಾಡಿ ಬರುತ್ತೀನಿ ಅಥವಾ ಬರಲ್ಲ ಅಂತ ಒಂದೇ ಮಾತು ಹೇಳು, ಸಾಕು. ಸಭೆಯಲ್ಲಿ ಏನು ಮಾಡಬೇಕು ಅಂತ ಆಮೇಲೆ ನೋಡುತ್ತೇನೆ. ಭಾವನಿಗೆ ನಮಸ್ಕಾರ, ಮಗಳಿಗೆ ಮುತ್ತು.

ನಿನ್ನ ತಂಗಿ,
ಚೈತ್ರ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕುವಷ್ಟರಲ್ಲಿ ಅಮ್ಮ ಕಾಫಿ ತಂದಳು. ಏನೇ ಇಷ್ಟುದ್ದ ಬರೀತಿದೀಯ ಅಂತ ಕೇಳಿದಳು. ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಎದೆ ಒಡೆದುಕೊಳ್ಳುತ್ತಾಳೆ ಅಂತ ಕೈ ಹಿಡಿದುಕೊಂಡೇ ಹೇಳಿದೆ. ಅವಳು ಕಾಫಿ ಆರಿಹೋಗುತ್ತೆ ಕುಡಿ ಅಂದಳು. ಆಮೇಲೆ, "ಆ ಭವನದಲ್ಲಿ ಊರೋರ ತಿಥಿ ಊಟ ಎಷ್ಟು ಉಂಡಿದೀನಿ, ಕುಂಟೋ ಕಾಗೆ ನಂಗೆ ಗೊತ್ತಿಲ್ವೇನೇ? ಮುತ್ತುರಾಜ ಯಾವಾಗ ಹಿತ್ತಲಿಗೆ ಎದ್ದು ಹೋಗ್ತಾನೆ ಅಂತ ನೋಡ್ಕೊಂಡೇ ಬಾಯಿ ಬಿಟ್ಟೆ" ಅಂದಳು. ಮನೇಲಿ ಕೇಳಿದ್ರೆ ಯಶು ಒಪ್ಪುತ್ತಿರಲಿಲ್ಲ, ಅದಕ್ಕೆ ನೆಂಟರ ಮುಂದೆ ಹೇಳಿಸಿದೆ ಅಂದಳು. ಬಲೆಯನ್ನು ನೀನು ಬರುವ ಮೊದಲೇ ತೆಗೆಸಬೇಕಂತೆ, ಮರ ಸೊರಗುತ್ತಿದೆ ಅಂದರೆ ಸಾಕಂತೆ, ಸಭೆಗೆ ಅವಳೂ ಬರುತ್ತಾಳಂತೆ. ಬಲೆ ತೆಗೆದ ಮೇಲೂ ಕಾಗೆ ಬರದಿದ್ರೆ ಏನಮ್ಮ ಮಾಡೋದು ಅಂತ ಕೇಳಿದೆ. ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತ ಹೇಳಿದಳು: "ಬರದಿದ್ರೆ ಬಿಡು. ಕಲಾ ಬಂದಿರ್ತಾಳಲ್ಲ."