ಹಿಂದಿನ ಎಡಚಕ್ರದ ಸುಟ್ಟ ವಾಸನೆ

ನೆವೆನಾ,

ಬೆಳಿಗ್ಗೆ ಚಳಿಗಾಲಕ್ಕೆ ಡಬ್ಬಿಗಳಲ್ಲಿ ತುಂಬಿಡಲೆಂದು ಕೆಂಪು ಮೆಣಸಿನಕಾಯಿ ಸುಡುತ್ತಿದ್ದೆ. ಅಂಗಳದಿಂದ ಬೇರೆಯದೇ ಸುಟ್ಟ ವಾಸನೆ ಬಂತು. ನೋಡಿದರೆ, ಬ್ರೆಡ್ ತರಲು ಹೋಗಿದ್ದ ನಿಮ್ಮಪ್ಪ ಆಗಷ್ಟೇ ಕಾರು ನಿಲ್ಲಿಸಿದ್ದರು. ನಾಲ್ಕೂ ಚಕ್ರಗಳಿಗೆ ನೀರು ಚಿಮುಕಿಸಿದೆ. ಮೂರು ಸುಮ್ಮನಿದ್ದವು, ಹಿಂದಿನ ಎಡಚಕ್ರ ಕಾದ ಕಾವಲಿಯಂತೆ ಚುಂಯ್ ಎಂದಿತು. ಅದರ ಬ್ರೇಕು ತುಕ್ಕು ಹಿಡಿದು, ಕಾರು ಓಡುವಾಗಲೂ ಕಚ್ಚಿಕೊಂಡೇ ಇರುತ್ತದೆ.

ಹಾಗಾಗಿ ಮಗಳೇ, ನಿನ್ನೆ ಏರಿನಲ್ಲಿ ಕಾರು ನಿಂತುಹೋದದ್ದು ನಿನ್ನ ತಪ್ಪಲ್ಲ. "ನಂಗೆ ಈ ಜನ್ಮದಲ್ಲಿ ಡ್ರೈವಿಂಗ್ ಬರಲ್ಲಮ್ಮಾ" ಅಂತ ಅತ್ತದ್ದು ಸಾಕು. ಗುರುವಾರ ಲೈಸೆನ್ಸ್ ಪರೀಕ್ಷೆಗೆ ಹೋಗಲೇಬೇಕು.

ಹತ್ತು ಗಂಟೆಗೆ ಮೆಕ್ಯಾನಿಕ್ ಮಿಂಚೊ ಬರುತ್ತಾನೆ. ಅಲ್ಲಿಯವರೆಗೆ ಕಾರು ತೆಗೆಯಬೇಡ. ಚೀಸ್ ತುಂಬಿದ ಬನಿತ್ಸಾ ಒಲೆಯಲ್ಲಿದೆ, ಅವನಿಗೂ ಒಂದು ತುಂಡು ಉಳಿಸು.

ಆ ತುಕ್ಕಿಗೆ ಅಜ್ಜಿಯನ್ನು ಬೈಯಬೇಡ. ನೀನು ಕಾರು ಕಲಿಯಲು ಹೊರಟಾಗಲೆಲ್ಲ ಶುಭವಾಗಲಿ ಎಂದು ಹಿಂದಿನಿಂದ ಅವರು ಚೆಲ್ಲುವ ತಂಬಿಗೆ ನೀರು ರಸ್ತೆಗೆ ಬೀಳದೆ, ತಿಂಗಳುಗಟ್ಟಲೆ ಆ ಚಕ್ರಕ್ಕೇ ಬೀಳುತ್ತಿತ್ತು. ನಮಗೆಲ್ಲ ಕಾಣುತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಈಗ ನಮ್ಮ ಪುಟ್ಟ ಝ್ಲಾಟ್ಕಾ ಕೇಳಿಯೇಬಿಟ್ಟಳು:

"ಅಜ್ಜೀ, ಪರೀಕ್ಷೆ ಇರೋದು ಅಕ್ಕಂಗಾ, ಚಕ್ರಕ್ಕಾ?"